ಒಂದು ಬಲ್ಬು ಕಮ್ಮಿ

"ಬರಿಗೈಲಿ ಮುಟ್ಟಬೇಡ ಕಣೋ, ಸುಡತ್ತೆ!" ಎಂದು ಸುಲ್ಮಾ ಕೂಗುವಷ್ಟರಲ್ಲಿ ಅವಳ ತಮ್ಮ ದಾರ್ದೊ ಏಣಿಯ ಮೇಲೆ ನಿಂತು ಬೆರಳನ್ನು ಬಾಯಿಗಿಟ್ಟುಕೊಂಡಿದ್ದ.

"ಐವತ್ತನಾಲ್ಕು ವರ್ಷ ಆಯ್ತು, ಇನ್ನೂ ಬುದ್ಧಿ ಬರ್ಲಿಲ್ಲ ನಿಂಗೆ. ಆರಿಸಿ ಐದು ನಿಮಿಷ ಬಿಡ್ಬೇಕು ಅದನ್ನ."

"ಅದಕ್ಕೇ ಅಕ್ಕ ಇವನ್ನೆಲ್ಲ ಕೀಳ್ತಿರೋದು. ಇದೇನು ದೀಪಾನಾ, ಒಲೇನಾ?"

ಅವಳು ನಕ್ಕು ಏಪ್ರನ್ನಿನ ಸೆರಗನ್ನು ಮೇಲಕ್ಕೆ ಒಡ್ಡಿದಳು. ಕರವಸ್ತ್ರದಲ್ಲಿ ಹಿಡಿದ ಹ್ಯಾಲೊಜೆನ್ ಬಲ್ಬನ್ನು ಅವನು ಅದರೊಳಕ್ಕೆ ಇಳಿಸಿದ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ದೇಶದಲ್ಲಿ ಜುಲೈ ಎಂದರೆ ನಡುಚಳಿಗಾಲ. ಹೊಟ್ಟೆಗೆ ತಗುಲಿದ ಆ ಬಿಸಿ ಅವಳಿಗೆ ಹಿತವಾಗಿತ್ತು. ಅವನು ಹೊಸ ಎಲ್‌ಇಡಿ ತಿರುಗಿಸಿ ಹಾಕಿ ಸ್ವಿಚ್ಚು ಒತ್ತಿದ ಕೂಡಲೆ ಹಜಾರವೆಲ್ಲ ಸುಣ್ಣ ಹೊಡೆದ ಹಾಗೆ ಬೆಳ್ಳಗಾಯಿತು.

"ಅಯ್ಯಪ್ಪ, ಆಸ್ಪತ್ರೆ ಇದ್ದಂಗಿದೆ."

"ನಿನ್ನ ಕಣ್ಣಿಗೆ ಒಳ್ಳೇದು. ಕರೆಂಟ್ ಬಿಲ್ಲೂ ಇಳಿಯತ್ತೆ. ಸುಮ್ನಿರು."

ರೊಸಾರಿಯೊ ಊರಿನ ಹಳೇ ಮನೆಗಳಂತೆ ಇದೂ ಉದ್ದನೆಯ ಮನೆ. ಒಂದು ಬದಿಗೆ ತೆರೆದ ಅಂಗಳ, ಇನ್ನೊಂದು ಬದಿಗೆ ಸಾಲಾಗಿ ಕೋಣೆಗಳು. ದಾರ್ದೊ ಒಂದೊಂದನ್ನೇ ಮುಗಿಸುತ್ತ ಹಿತ್ತಿಲ ಕಡೆಗೆ ಹೋದ. ಕೊನೆಗೆ ಅಮ್ಮನ ಪೆಟ್ಟಿಗೆಗಳಿರುವ ಉಗ್ರಾಣದಲ್ಲೂ ಏಣಿ ಹಾಕಿದ.

"ಅಲ್ಲಿಗ್ಯಾಕೋ? ಅಲ್ಲಿ ಇಲಿ ಬಿಟ್ರೆ ಯಾರೂ ಪೇಪರ್ ಓದಲ್ಲ."

"ಇರ್ಲಿ ಅಕ್ಕ. ಎಲ್ಲ ಒಂದೇ ಥರ ಇರ್ಲಿ."

ನಿಜ ಹೇಳಬೇಕೆಂದರೆ ಸುಲ್ಮಾ ಕೇಳಿದ್ದು ಒಂದೇ ಬಲ್ಬು. ಅವಳದು ರಫು ಕೆಲಸ. ಹುಳ ತಿಂದ, ಸಿಗರೇಟು ಸುಟ್ಟ ಉಣ್ಣೆ ಕೋಟುಗಳು ಊರಿನ ಎಲ್ಲ ಕಡೆಯಿಂದ ಅವಳ ಮೇಜಿಗೆ ಬರುತ್ತಿದ್ದವು. ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ತೂತಿನ ಮೇಲೆ ಮತ್ತೆ ನೇಯ್ದು ಕೊಟ್ಟರೆ ಕೋಟಿನ ಒಡೆಯನಿಗೇ ತೂತು ಎಲ್ಲಿತ್ತೆಂದು ಗೊತ್ತಾಗಬಾರದು. ಈ ಕೆಲಸಕ್ಕೆ ದೀಪ ತಲೆಗೆ ಒಂದು ಗೇಣಿನಷ್ಟು ಹತ್ತಿರ ಬೇಕು. ಜನವರಿಯ ಸೆಕೆಯಲ್ಲಿ ಆ ಹ್ಯಾಲೊಜೆನ್ ಕೆಳಗೆ ಕೂತರೆ ನೆತ್ತಿ ಬೇಯುತ್ತಿತ್ತು. ಒಮ್ಮೆ ಕಿವಿಯ ಪಕ್ಕದ ಕೂದಲು ಸೀದೇ ಹೋಗಿತ್ತು. "ನನ್ನ ಮೇಜಿಗೊಂದು ತಣ್ಣನೆ ಬಲ್ಬು ತಂದ್ಕೊಡೋ" ಎಂದು ಎರಡು ವರ್ಷದಿಂದ ತಮ್ಮನಿಗೆ ಹೇಳುತ್ತಲೇ ಇದ್ದಳು. ಈಗ ಅವನು ಪೆಟ್ಟಿಗೆಗಟ್ಟಲೆ ಹೊತ್ತು ತಂದಿದ್ದ. ಅಮ್ಮ ಮಾಂಸದ ಕಾರ್ಖಾನೆಗೆ ದುಡಿಯಲು ಹೋದಾಗ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊಟ ಮಾಡಿಸಿದ್ದು ತಾನೇ. ಅದು ವ್ಯರ್ಥವಾಗಲಿಲ್ಲ ಎಂದುಕೊಂಡಳು.

ಕೊನೆಗೆ ಅವನು ರಫು ಮೇಜಿನ ಹತ್ತಿರ ಬಂದು ಪೆಟ್ಟಿಗೆ ಅಲ್ಲಾಡಿಸಿದ. ಖಾಲಿ.

"ಅಯ್ಯೋ, ಒಂದು ಕಮ್ಮಿ ಬಿತ್ತಲ್ಲ ಅಕ್ಕ!"

"ಹೋಗ್ಲಿ ಬಿಡು."

"ಮುಂದಿನ ವಾರ ಖಂಡಿತ ತರ್ತೀನಿ. ಈಗ ಈ ಮೇಜು ಒಂದ್ಸಲ ಹಿಡಿ, ಅಂಗಳಕ್ಕೆ ಇಡೋಣ. ರೂಮು ಹೇಗೆ ಕಾಣತ್ತೆ ಅಂತ ನಮ್ಮನೆಯವಳಿಗೆ ತೋರಿಸ್ಬೇಕು."

ಇಬ್ಬರೂ ಸೇರಿ ಮೇಜನ್ನು ಹೊರಗಿಟ್ಟರು. ಅವನು ಪ್ರತಿ ಕೋಣೆಯ ಮೂಲೆಯಲ್ಲೂ ಬೆನ್ನು ಗೋಡೆಗೆ ಒತ್ತಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದ. ಆಮೇಲೆ ಅವಳು ಚಹಾದ ಹಾಗೆ ಕುಡಿಯುವ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು ಸೋರೆಬುರುಡೆಯನ್ನು ಕೈಗಿತ್ತಳು. ಅಕ್ಕ ತಮ್ಮ ಕೂತರೆ ಒಂದೇ ಕೊಳವೆಯಲ್ಲಿ ಕೆಟಲು ಬರಿದಾಗುವ ತನಕ ಕುಡಿಯುವುದು ರೂಢಿ. ಆವತ್ತು ಅವನು ಒಂದು ಸರದಿ ಹೀರಿ, ಬುರುಡೆ ವಾಪಸು ಕೊಡುತ್ತ "ಗ್ರಾಸಿಯಾಸ್", ಥ್ಯಾಂಕ್ಸ್, ಅಂದ. ಹಾಗೆ ಅಂದಮೇಲೆ ಮತ್ತೆ ಹೊಯ್ಯುವ ಹಾಗಿಲ್ಲ. ಅವಳ ಮುಂದೆ ಅವನು ಹಿಂದೆಂದೂ ಆ ಮಾತು ಅಂದದ್ದು ಅವಳಿಗೆ ನೆನಪಿರಲಿಲ್ಲ. ಏನೋ ಅವಸರ ಇರಬೇಕು ಎಂದುಕೊಂಡಳು.

ಕಿತ್ತ ಹದಿನಾಲ್ಕು ಬಲ್ಬುಗಳನ್ನು ಅವನು ಕಸಕ್ಕೆ ಹಾಕು ಅಂದಿದ್ದ. ಉರಿಯುವ ಬಲ್ಬನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಚಿಂದಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ ಬಿಸ್ಕತ್ತಿನ ಡಬ್ಬಿಗಳಲ್ಲಿಟ್ಟಳು.

ಮೂರು ದಿನ ಓಣಿಯಲ್ಲಿ ತಮ್ಮನ ಗುಣಗಾನ ನಡೆಯಿತು. ನಾಲ್ಕನೆಯ ದಿನ ಪಕ್ಕದ ಮನೆಯ ಒಫೇಲಿಯಾ ಬಾಗಿಲು ತಟ್ಟಿದಳು. ಮುಖ ಊದಿಕೊಂಡಿತ್ತು.

"ಮೂವತ್ತು ವರ್ಷ ಒಂದೇ ಗೋಡೆಗೆ ಒರಗಿ ಬದುಕಿದೀವಿ ಕಣೇ ಸುಲ್ಮಾ. ನಂಗೊಂದು ಮಾತು ಹೇಳ್ಬಾರದಾಗಿತ್ತಾ?"

"ಏನು ಹೇಳ್ಬೇಕಿತ್ತೇ?"

"ಮನೆ ಮಾರ್ತಿದೀಯಲ್ಲ, ಅದನ್ನ! ನನ್ನ ಅಳಿಯ ಮೊಬೈಲಲ್ಲಿ ತೋರಿಸ್ದ. ನಾನೇನು ಅಡ್ಡ ಬರ್ತಿದ್ನಾ?"

ಅವಳು ಮೊಬೈಲನ್ನು ಸುಲ್ಮಾಳ ಮೂಗಿನ ಹತ್ತಿರ ಹಿಡಿದಳು. ಹಜಾರ, ಕೋಣೆಗಳು, ಉಗ್ರಾಣ, ಎಲ್ಲ ಬೆಳ್ಳಗೆ, ಎಲ್ಲ ದೊಡ್ಡದಾಗಿ. ತಾನು ಮೇಜು ಹಿಡಿದು ಹೊರಗಿಟ್ಟ ಕೋಣೆಯನ್ನು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಕೆಳಗೆ ಎರಡೇ ಸಾಲು ಇತ್ತು. 'ತುಂಬು ಬೆಳಕಿನ ಮನೆ. ಖಾಲಿ ಮಾಡಿ ಕೊಡಲಾಗುವುದು.'

ಖಾಲಿ ಮಾಡಬೇಕಾದ ಸಾಮಾನು ತಾನು. ಸುಲ್ಮಾ ಆ ಎರಡು ಸಾಲನ್ನು ಮತ್ತೊಮ್ಮೆ ಓದಿದಳು. ಅವಳ ಮುಖ ನೋಡಿ ಒಫೇಲಿಯಾಳ ಸಿಟ್ಟು ಇಳಿಯಿತು.

"ನಿಂಗೂ ಗೊತ್ತಿರ್ಲಿಲ್ವೇನೇ? ನಿನ್ನ ಸಹಿ ಇಲ್ದೆ ಹೆಂಗಾಗತ್ತೆ?"

ಸಹಿ. ಹೋದ ತಿಂಗಳು ಹಾಕಿದ್ದಳು. ಅಮ್ಮ ಸತ್ತು ಒಂಬತ್ತು ವರ್ಷವಾದರೂ ಕರೆಂಟ್ ಮೀಟರು ಅಮ್ಮನ ಹೆಸರಿನಲ್ಲೇ ಇತ್ತು. ಆ ಓಣಿಯ ಅರ್ಧ ಮೀಟರುಗಳು ಸತ್ತವರ ಹೆಸರಿನಲ್ಲೇ ಓಡುತ್ತಿದ್ದವು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. "ಹೆಸರು ಬದಲಾಯಿಸ್ಬೇಕು, ಓಡಾಟ ಎಲ್ಲ ನಾನು ನೋಡ್ಕೋತೀನಿ, ನೀನೊಂದು ಪವರ್ ಆಫ್ ಅಟಾರ್ನಿ ಕೊಟ್ಟುಬಿಡು" ಎಂದು ದಾರ್ದೊ ಅವಳನ್ನು ನೋಟರಿಯ ಹತ್ತಿರ ಕರೆದುಕೊಂಡು ಹೋಗಿದ್ದ. ನೋಟರಿ ಪತ್ರವನ್ನು ಜಪಮಾಲೆ ಎಣಿಸುವವರ ಹಾಗೆ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಿದ. ಸುಲ್ಮಾಳ ಕಣ್ಣು ಅವನ ಕೋಟಿನ ಕಾಲರಿನ ಮೇಲಿತ್ತು. ಅಲ್ಲೊಂದು ಹುಳ ತಿಂದ ತೂತು. ಯಾರೋ ಕೈ ಪಳಗದವರು ಕರೀ ದಾರದಲ್ಲಿ ಅದನ್ನು ಬಿಗಿದಿದ್ದರು. ಅದನ್ನು ಬಿಚ್ಚಿ ಎಲ್ಲಿಂದ ಎಳೆ ತೆಗೆದರೆ ಸರಿಹೋದೀತು ಎಂದು ಲೆಕ್ಕ ಹಾಕುತ್ತ ಕೂತಿದ್ದಳು. ಓದಿದ್ದು ಮುಗಿಯಿತು, ಸಹಿ ಹಾಕಿದಳು.

ಈಗ ಅದೇ ನೋಟರಿಗೆ ಫೋನು ಮಾಡಿದಳು. ಮನೆ ಮಾರುವ ಅಧಿಕಾರವೂ ಅದರಲ್ಲಿತ್ತು, ಓದಿ ಹೇಳಿದ್ದೆನಲ್ಲ, ಪತ್ರ ರದ್ದು ಮಾಡಿಸಬಹುದು ಅಮ್ಮ, ಅಂದ ಅವನು. ಆದರೆ ಅರ್ಧ ಮನೆ ನಿಮ್ಮ ತಮ್ಮನದು, ಅವರು ಪಾಲು ಕೇಳಿ ಕೋರ್ಟಿಗೆ ಹೋದರೆ ಕೊನೆಗೆ ಮಾರಲೇಬೇಕಾಗುತ್ತದೆ. ಆಮೇಲೆ ತಮ್ಮನಿಗೆ ಮಾಡಿದಳು.

"ಹೇಳೋಣ ಅಂತಲೇ ಇದ್ದೆ ಅಕ್ಕ. ನೀನು ಅಳ್ತೀಯ ಅಂತ..."

"ಬಲ್ಬು ಯಾರಿಗೋಸ್ಕರ ಹಾಕ್ದೆ?"

"ಬಿಳೀ ಬೆಳಕಲ್ಲಿ ರೂಮು ದೊಡ್ಡದಾಗಿ ಕಾಣತ್ತೆ ಅಂತ ಏಜೆಂಟ್ ಹೇಳ್ದ."

"ನನ್ನ ಕಣ್ಣಿಗೆ ಒಳ್ಳೇದು ಅಂದ್ಯಲ್ಲೋ."

"ಅದೂ ಹೌದು. ನೋಡಕ್ಕ, ಅಷ್ಟು ದೊಡ್ಡ ಮನೇಲಿ ನೀನೊಬ್ಬಳೇ. ನಾನು ಇಬ್ಬರು ಹೆಣ್ಮಕ್ಕಳನ್ನ ಇಟ್ಕೊಂಡು ಎರಡು ರೂಮಲ್ಲಿ ಒದ್ದಾಡ್ತಿದೀನಿ. ನಿಂಗೊಂದು ಚಿಕ್ಕ ಫ್ಲಾಟು ನೋಡೋಣ, ಲಿಫ್ಟ್ ಇರೋದು. ಶನಿವಾರ ಸಂಜೆ ಒಬ್ಬರು ಗಂಡ ಹೆಂಡ್ತಿ ನೋಡಕ್ಕೆ ಬರ್ತಾರೆ."

ನೇರವಾಗಿ ಬಂದು ಕೇಳಿದ್ದರೆ ಜಗಳವಾಡಿ, ಅತ್ತು, ಒಂದು ತಿಂಗಳು ಮಾತು ಬಿಟ್ಟು, ಕೊನೆಗೆ ಒಪ್ಪುತ್ತಿದ್ದಳೋ ಏನೋ. ಇವನು ಏಪ್ರನ್ನು ಒಡ್ಡಿಸಿ, ಮೇಜು ಎತ್ತಿಸಿ, ತನ್ನ ಕೈಯಿಂದಲೇ ತನ್ನನ್ನು ಮನೆಯಿಂದ ಒರೆಸಿ ಹಾಕಿಸಿದ್ದ. ಆ ಹೊತ್ತಿಗೆ ಮೇಜಿನ ದೀಪ ಅವಳ ಕಣ್ಣಿಗೆ ಬಿತ್ತು. ಒಂದು ಕಮ್ಮಿ ಬಿದ್ದದ್ದಲ್ಲ. ಇಲಿಗಳ ಉಗ್ರಾಣಕ್ಕೆ ಸಿಕ್ಕ ಬಲ್ಬು ತನ್ನ ಮೇಜಿಗೆ ಸಿಗಲಿಲ್ಲ, ಏಕೆಂದರೆ ಮೇಜು ಫೋಟೋದಲ್ಲಿ ಇರುವುದಿಲ್ಲ. ಅವಳಿಗೆ ಆಗ ಅಳು ಬಂತು. ಮನೆಗಿಂತ ಹೆಚ್ಚಾಗಿ ಆ ಒಂದು ಬಲ್ಬಿಗೆ ಅತ್ತಳು.

ಶನಿವಾರ ಮಧ್ಯಾಹ್ನ ಒಫೇಲಿಯಾಳನ್ನು ಏಣಿ ಹಿಡಿಯಲು ಕರೆದಳು.

"ಅರವತ್ತೊಂದು ವರ್ಷಕ್ಕೆ ಕೋತಿ ಆಟ ಬೇಕಾ? ಬಿದ್ರೆ ನನ್ನ ಮೇಲೇ ಬೀಳ್ತೀಯ."

"ಬೀಳಲ್ಲ. ಆ ಡಬ್ಬಿ ಇತ್ತ ಕೊಡು."

ಹದಿನಾಲ್ಕು ಎಲ್‌ಇಡಿಗಳನ್ನೂ ಕಿತ್ತು, ಹದಿನಾಲ್ಕು ಹ್ಯಾಲೊಜೆನ್‌ಗಳನ್ನು ಅವುಗಳ ಜಾಗಕ್ಕೇ ಹಾಕಿದಳು. ಆರು ಗಂಟೆಗೆ ಕತ್ತಲಾದ ಮೇಲೆ ಎಲ್ಲವನ್ನೂ ಹೊತ್ತಿಸಿದಳು. ಧೂಳು ಸುಡುವ ಹಳೇ ವಾಸನೆ ಮನೆಯನ್ನು ತುಂಬಿತು. ಕೋಣೆಗಳು ಕುಗ್ಗಿದವು, ಮೂಲೆಗಳು ಕಪ್ಪಾದವು, ಗೋಡೆಯ ಮೇಲಿನ ತೇವದ ಕಲೆಗಳು ಚಹಾ ಚೆಲ್ಲಿದ ಹಾಗೆ ಎದ್ದು ಕಂಡವು. ಮೇಜನ್ನು ಕೋಣೆಯ ನಟ್ಟನಡುವೆ ಎಳೆದು, ಮೇಜಿನ ದೀಪ ಹಾಕಿಕೊಂಡು, ಯಾರದೋ ಪ್ಯಾಂಟು ಮಡಿಲಲ್ಲಿಟ್ಟುಕೊಂಡು ಕೂತಳು. ನೋಡಲಿ ಈಗ, ಎಷ್ಟು ಖಾಲಿ ಇದೆ ಮನೆ ಎಂದು.

ದಾರ್ದೊ ಬಾಗಿಲು ದಾಟಿದವನೇ ತಲೆಯೆತ್ತಿ ಹಜಾರದ ದೀಪ ನೋಡಿದ. ಮುಖ ಇಷ್ಟೇ ಆಯಿತು. ಬಂದವರ ಎದುರಿಗೆ ಏನೂ ಅನ್ನುವ ಹಾಗಿರಲಿಲ್ಲ. ಗಂಡ ಉದ್ದ ಅಗಲ ಅಳೆಯುವವನ ಹಾಗೆ ಹೆಜ್ಜೆ ಹಾಕುತ್ತ ಒಳಗೆ ಹೋದ. ಹೆಂಡತಿ, ಮೂವತ್ತರ ಆಸುಪಾಸಿನವಳು, ಹಜಾರದಲ್ಲೇ ನಿಂತುಬಿಟ್ಟಳು. ಆಮೇಲೆ ಸುಲ್ಮಾಳ ಮೇಜಿನ ಹತ್ತಿರ ಬಂದು, ಕೈಗವಸು ಕಳಚಿ, ಚಳಿಗೆ ಕೆಂಪಾದ ಬೆರಳುಗಳನ್ನು ದೀಪದ ಕೆಳಗೆ ಒಡ್ಡಿದಳು.

"ಎಷ್ಟು ಬೆಚ್ಚಗಿದೆ! ಅಮ್ಮಾ, ನಿಜ ಹೇಳ್ಲಾ? ಫೋಟೋ ನೋಡಿ ನಂಗೆ ಬರೋಕೆ ಮನಸ್ಸೇ ಇರ್ಲಿಲ್ಲ. ಹಲ್ಲಿನ ಡಾಕ್ಟ್ರ ಅಂಗಡಿ ಇದ್ದಂಗಿತ್ತು. ಇವರೇ ಎಳ್ಕೊಂಡು ಬಂದ್ರು." ಅವಳು ಸುತ್ತಲೂ ಗೋಡೆಗಳನ್ನು ನೋಡಿದಳು. "ನಮ್ಮಜ್ಜಿ ಮನೇಲಿ ಹೀಗೇ ಇತ್ತು ಬೆಳಕು. ಇದೇ ವಾಸನೆ. ರೀ, ಬನ್ನಿ ಇಲ್ಲಿ, ಇನ್ನೆಲ್ಲೂ ನೋಡೋದು ಬೇಡ."

ಸುಲ್ಮಾಳ ಸೂಜಿ ನಿಂತಿತು.

"ಈ ದೀಪಗಳನ್ನ ಬಿಟ್ಟು ಹೋಗ್ತೀರಿ ತಾನೇ?" ಎಂದು ಹುಡುಗಿ ಕೇಳಿದಳು.

"ಬಿಡ್ತಾರೆ, ಬಿಡ್ತಾರೆ" ಎಂದು ದಾರ್ದೊ ಅವಸರವಾಗಿ ಅಂದ.

ಅವರು ಹೋದಮೇಲೆ ಸುಲ್ಮಾ ಹಜಾರದ್ದೊಂದು ಬಿಟ್ಟು ಮೇಲಿನ ದೀಪಗಳನ್ನೆಲ್ಲ ಆರಿಸಿ ಮೇಜಿಗೆ ವಾಪಸು ಬಂದು ಕೂತಳು. ಅವನು ಬಾಗಿಲ ಹತ್ತಿರದಿಂದ ಮತ್ತೆ ಒಳಕ್ಕೆ ಬಂದ. ಕೆಟಲು ಒಲೆಯ ಮೇಲೆ ತಣ್ಣಗಿತ್ತು. ಅವಳು ಏಳಲಿಲ್ಲ, ಕೂರು ಅನ್ನಲಿಲ್ಲ. ಅವನು ಜೇಬಿಗೆ ಕೈ ಹಾಕಿ ಒಂದು ಚಿಕ್ಕ ರಟ್ಟಿನ ಡಬ್ಬಿ ತೆಗೆದ.

"ತಂದಿದೀನಿ ಅಕ್ಕ. ನಿನ್ನ ಮೇಜಿಗೆ. ಹೊಸ ಮನೆಗೂ ತಗೊಂಡು ಹೋಗ್ಬಹುದು."

ಅವಳು ಅದನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ. ತಾನೇ ಹಾಕಿಕೊಡಲು ಅವನು ಮೇಜಿನ ದೀಪ ಆರಿಸಿ, ಹ್ಯಾಲೊಜೆನ್ ಬಲ್ಬಿನ ಕಡೆಗೆ ಕೈ ನೀಡಿದ.

"ಮುಟ್ಟಬೇಡ, ಸುಡತ್ತೆ."

ಮಾತು ತಾನಾಗಿ ಬಂದಿತ್ತು. ಅರವತ್ತು ದಾಟಿದರೂ ಅಕ್ಕನಾಗಿಯೇ ಉಳಿದ ಆ ನಾಲಿಗೆಯ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಜಾರದ ಹಳದಿ ಬೆಳಕು ಬಾಗಿಲವರೆಗೆ ಮಾತ್ರ ಬರುತ್ತಿತ್ತು. ಡಬ್ಬಿ ಹಿಡಿದುಕೊಂಡು ಅವನು, ಸೂಜಿ ಹಿಡಿದುಕೊಂಡು ಅವಳು, ಬಲ್ಬು ತಣ್ಣಗಾಗುವುದನ್ನು ಕಾಯುತ್ತ ಅರೆಗತ್ತಲಲ್ಲಿ ಇದ್ದರು.