ಜೋಳಿಗೆಯಲ್ಲಿ ಬಿದ್ದ ಮಾಲ್ಟಾ

ಕೃಷ್ಣಾ ನದಿಯಿಂದ ಮಲಪ್ರಭೆಯವರೆಗಿನ ಈ ಸೀಮೆಯಲ್ಲಿ ಮೊಬೈಲಿನ ಮೇಲೆ ರಮ್ಮಿ ಆಡುವವರು ಲಕ್ಷ ಮಂದಿ ಇರಬಹುದು. ಆದರೆ ರಮ್ಮಿಯೇ ಎದ್ದು ನಿಂತು ಕೈ ಮುಗಿಯುವಂಥ ಆಟಗಾರ ಒಬ್ಬನೇ. ಅವನು ಇಳಕಲ್ಲಿನ ಸೀರೆ ವ್ಯಾಪಾರಿ ಶ್ರೀಶೈಲ, ಅಂದರೆ ನಾನು. ನಾನಿಲ್ಲಿ ಎಲೆ ಎಸೆದರೆ ಹೈದರಾಬಾದಿನಲ್ಲಿ ಕೂತವನ ಚಹಾ ಚೆಲ್ಲುತ್ತಿತ್ತು. ನನ್ನ ಹೆಬ್ಬೆರಳಿನ ವೇಗಕ್ಕೆ ಮೊಬೈಲಿನ ಗಾಜು ಸವೆದು ಕನ್ನಡಿಯಂತಾಗಿತ್ತು, ಅದರಲ್ಲೇ ಮುಖ ನೋಡಿಕೊಂಡು ದಾಡಿ ಮಾಡಿಕೊಳ್ಳುತ್ತಿದ್ದೆ. ಸೋತದ್ದೂ ಉಂಟು. ಆದರೆ ಸೋಲಿನಲ್ಲೂ ನನ್ನಷ್ಟು ಭಾರೀ ಸೋತವನು ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು.

ಹೀಗಿರುವಾಗ ದೆಹಲಿಯಲ್ಲಿ ಒಂದು ಕಾಯ್ದೆ ಬಂತು. ಹಣ ಹಚ್ಚಿ ಆಡುವ ಆನ್‌ಲೈನ್ ಆಟ ದೇಶದಲ್ಲೆಲ್ಲ ಬಂದ್. ಮುಂಜಾನೆ ಆ್ಯಪ್ ತೆರೆದರೆ ಎಲೆಯಿಲ್ಲ, ಮೇಜಿಲ್ಲ. 'ನಿಮ್ಮ ಸಹಕಾರಕ್ಕೆ ಧನ್ಯವಾದಗಳು' ಎಂಬ ಒಂದೇ ಒಂದು ಸಾಲು. ನಾನು ಸಹಕಾರ ಕೊಟ್ಟದ್ದು ಯಾವಾಗ? ನನ್ನನ್ನು ಕೇಳಿದವರು ಯಾರು? ಮೊಬೈಲನ್ನು ಬಡಿದೆ, ಬಂದ್ ಮಾಡಿ ಚಾಲೂ ಮಾಡಿದೆ, ಮಾಳಿಗೆ ಏರಿ ಆಕಾಶಕ್ಕೆ ಹಿಡಿದೆ. ಅದೇ ಸಾಲು.

ಅಂದಿನಿಂದ ನನ್ನ ಬಾಳೇವು ಹದಗೆಟ್ಟಿತು. ಊಟ ರುಚಿಸದು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಆಡುತ್ತಿತ್ತು. ಬಾದಾಮಿಯ ಅಂಗಡಿಯೊಂದರಲ್ಲಿ ಸೀರೆ ತೋರಿಸುವಾಗ ಮೂರು ಹಸಿರು ಸೀರೆಗಳನ್ನು ಒಟ್ಟಿಗೆ ಜೋಡಿಸಿ, ನಾಲ್ಕನೆಯದಕ್ಕೆ ಕಾದು ಕೂತುಬಿಟ್ಟೆ. ಅಂಗಡಿಯವನು ನನ್ನ ಹಣೆ ಮುಟ್ಟಿ ನೋಡಿದ.

ಹುನಗುಂದದ ಕೋರ್ಟಿನಲ್ಲಿ ವಕೀಲರೊಬ್ಬರ ಕೈಕೆಳಗೆ ದುಡಿಯುವ ಕಲ್ಲೇಶ ನನ್ನ ಗೆಳೆಯ. ನನ್ನ ಗೋಳು ಕೇಳಿ ಕೇಳಿ ಅವನ ಕಿವಿಗಳು ಸೋತಿದ್ದವು.

"ಕದ್ದು ಆಡೂ ಮಂದಿ ಇನ್ನೂ ಅದಾರಲೇ. ನೀನೂ ಆಡು," ಎಂದ.

"ನಾ ಕಳ್ಳ ಅಲ್ಲಲೇ, ಕಲಾವಂತ. ಆಡಿದ್ರ ಎದಿ ಉಬ್ಬಿಸಿ ಆಡಾಂವ."

"ಹಂಗಾರ ದೇಶಾ ಬಿಡು. ಕಾಯ್ದೆ ಈ ದೇಶದ್ದು. ನೀ ದೇಶಾನ ಬಿಟ್ಟ ಮ್ಯಾಲ ಅದು ನಿನಗೇನ್ ಮಾಡತೈತಿ?"

ಅವನು ಚೇಷ್ಟೆಗೆ ಹೇಳಿದ್ದು. ನಾನು ಮರುದಿನವೇ ಬಾಗಲಕೋಟೆಯ ನವನಗರದಲ್ಲಿ, ಮಂದಿಯನ್ನು ಪರದೇಶದ ಕೆಲಸಕ್ಕೆ ಕಳಿಸುವ ಸುನೀಲಕುಮಾರ ಎಂಬ ಏಜೆಂಟನ ಎದುರು ಕೂತಿದ್ದೆ. ಅವನು ಪಟ ಒಂದನ್ನು ತೋರಿಸಿದ. ಹಳದಿ ಕಲ್ಲಿನ ಕೋಟೆ, ಹಳದಿ ಕಲ್ಲಿನ ಮನೆಗಳು.

"ಇದು ಬಾದಾಮಿ ಅಲ್ಲೇನ್ರಿ?" ಎಂದೆ.

"ಬಾದಾಮಿ ಹಂಗ ಐತ್ರಿ ಸಾಹೇಬ್ರ. ಆದ್ರ ಸುತ್ತ ಸಮುದ್ರ ಐತಿ, ಮಂಗ್ಯಾ ಇಲ್ಲ. ಮಾಲ್ಟಾ ಅಂತಾರ. ಅಲ್ಲಿ ಈ ಆಟಕ್ಕ ಸರ್ಕಾರನ ಲೈಸೆನ್ಸ್ ಕೊಡತೈತಿ. ಹಗಲ ಹೋಟೆಲ್ದಾಗ ರೊಟ್ಟಿ ಬಡೀರಿ, ಸಂಜಿಗೆ ರಾಜನಂಗ ಕುಂತು ಆಡ್ರಿ."

ಸರ್ಕಾರವೇ ಲೈಸೆನ್ಸ್ ಕೊಡುವ ದೇಶ! ನನ್ನಂಥವನಿಗಾಗಿಯೇ ದೇವರು ಸಮುದ್ರದ ನಡುವೆ ಆ ತುಂಡು ನೆಲವನ್ನು ಎತ್ತಿಟ್ಟಿದ್ದಾನೆ ಅನ್ನಿಸಿತು. ಪಾಸ್‌ಪೋರ್ಟ್ ಆಯಿತು. ವೀಸಾದ ಅರ್ಜಿ ಹೋಯಿತು. ಅಲ್ಲಿನ ಆಟದ ಕಂಪನಿಯಲ್ಲೂ ಸುನೀಲಕುಮಾರ ನನ್ನ ಹೆಸರಿನಲ್ಲಿ ಖಾತೆ ಮಾಡಿಸಿದ. ಮಾಲ್ಟಾದ ನೆಲ ಮೆಟ್ಟಿದ ಕೂಡಲೇ ಅದು ತೆರೆಯುತ್ತದಂತೆ. ಎಲ್ಲಕ್ಕೂ ನನ್ನ ಮೊಬೈಲ್ ನಂಬರನ್ನೇ ಕೊಟ್ಟೆವು.

ನಾನು ರೊಟ್ಟಿ ಬಡಿಯಲು ಹೋಗುತ್ತೇನೆಂದು ಊರಿಗೆ ಹೇಳಲಾದೀತೇ? ಹೋಟೆಲಿನ ಮ್ಯಾನೇಜರ್ ಎಂದೆ. ಎರಡು ದಿನಕ್ಕೆ ಹೋಟೆಲಿನ ಪಾಲುದಾರನಾದೆ. ವಾರದೊಳಗೆ ಮಾಲ್ಟಾದ ಮಂತ್ರಿಯೊಬ್ಬ ನನ್ನನ್ನು ಕರೆಯಲು ವಿಮಾನ ನಿಲ್ದಾಣಕ್ಕೆ ಬರುವವನಿದ್ದ.

ಮನೆಯಲ್ಲಿ ಮಾತ್ರ ಸುದ್ದಿ ಅಷ್ಟು ಸಲೀಸಾಗಿ ಇಳಿಯಲಿಲ್ಲ. ನನ್ನ ಹೆಂಡತಿ ಶಿವಗಂಗಾ ಚೊಳಚಗುಡ್ಡದವಳು, ಮಗ್ಗದ ಮೇಲೆ ಕೂತರೆ ಬೇಗ ಏಳುವವಳಲ್ಲ. ಲಾಳಿ ನಿಲ್ಲಿಸದೆ ಕೇಳಿದಳು:

"ಮತ್ತ ನಾ?"

"ಮೊದ್ಲ ನಾ ಹೋಗಿ ನೆಲಿ ನಿಲ್ತೇನಿ. ಆಮ್ಯಾಲ ನಿನ್ನ ಕರಸ್ಕೋತೇನಿ."

"ಆಟ ಹತ್ತಿದಾಗ ಬಾಜೂ ಕೋಣ್ಯಾಗ ಕುಂತು ಕೂಗಿದ್ರ ನಿಮಗ ಕೇಳಸಾಂಗಿಲ್ಲ. ಅಷ್ಟ ದೂರ ಹೋಗಿ ನನ್ನ ನೆನಸ್ತೀರಿ?"

ಇದಕ್ಕೆ ನನ್ನ ಬಳಿ ಭಾರೀ ಉತ್ತರವಿತ್ತು. ಲಾಳಿಯ ಸದ್ದಿನಲ್ಲಿ ಹೇಳಿದರೆ ವ್ಯರ್ಥವಾದೀತೆಂದು ಹೇಳಲಿಲ್ಲ.

ಅಷ್ಟರಲ್ಲಿ ಒಂದು ಸೋಮವಾರ ನಮ್ಮ ಓಣಿಗೆ ಜೋಳಿಗೆ ಬಂತು. ಬೇರೆ ಕಡೆ ಸ್ವಾಮಿಗಳು ಜೋಳಿಗೆ ಹಿಡಿದು ಕಾಳು ಬೇಡುತ್ತಾರೆ, ರೊಕ್ಕ ಬೇಡುತ್ತಾರೆ. ನಮ್ಮ ಕಡೆ ಚಟ ಬೇಡುವ ಪದ್ಧತಿ ಉಂಟು. ಗುಟಕಾ ತಿನ್ನುವವನು ಪೊಟ್ಟಣ ಹಾಕಬೇಕು, ಬೀಡಿ ಸೇದುವವನು ಕಟ್ಟು ಹಾಕಬೇಕು. ಹಾಕಿದ್ದನ್ನು ಮರಳಿ ಕೇಳುವಂತಿಲ್ಲ. ಕೇಳಿದವನು ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಹುನಗುಂದದ ಕಡೆಯ ಒಂದು ಸಣ್ಣ ಮಠದ ವಯಸ್ಸಾದ ಸ್ವಾಮಿಗಳು, ನಾವೆಲ್ಲ ಅಜ್ಜಾರು ಅನ್ನುವವರು, ಮನೆಮನೆಗೂ ನಿಂತು ಬರುತ್ತಿದ್ದರು. ಮುಂದೆ ಹಲಗೆಯ ಬಡಿತ, ಹಿಂದೆ ಮಂದಿ.

ನಾನು ಕಟ್ಟೆಯ ಮೇಲೆ ಕೈ ಕಟ್ಟಿ ನಿಂತಿದ್ದೆ. ಎದುರು ಮನೆಯ ಲಾಡಬಿ, ನಮ್ಮ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುವವಳು, ಅಲ್ಲಿಂದಲೇ ಕೂಗಿದಳು:

"ಶ್ರೀಶೈಲಣ್ಣಾ, ನಿಂದೇನು, ಮಾಲ್ಟಾಕ್ಕ ಪಾರ್ಸಲ್ಲೇನು? ಅಜ್ಜಾರ ಜೋಳಿಗ್ಯಾಗ ಹಿಡಿಸೂದಿಲ್ಲ ಬಿಡು!"

ಓಣಿಗೆ ಓಣಿಯೇ ನಕ್ಕಿತು. ಶಿವಗಂಗಾ ಬಾಗಿಲಲ್ಲಿ ನಿಂತಿದ್ದಳು, ನಗಲಿಲ್ಲ. ನನ್ನ ನೆತ್ತಿಗೆ ಉರಿ ಏರಿತು.

"ಏ ಲಾಡಬಿ, ಚಟ ಅಂದ್ರ ಬಿಡಾಕ ಬರದಂಥಾದ್ದು. ನನಗಿದು ಯಾವ ಗಿಡದ ತೊಪ್ಪಲಾ? ಬೇಕಂದ್ರ ಹಿಡೀತೇನಿ, ಬ್ಯಾಡಂದ್ರ ಬಿಡ್ತೇನಿ. ಅಜ್ಜಾರ, ಚಾಚ್ರಿ ಜೋಳಿಗಿ!"

ಎಂದವನೇ ಕಿಸೆಯಿಂದ ಮೊಬೈಲ್ ತೆಗೆದು ಒಳಗೆ ಹಾಕಿಬಿಟ್ಟೆ. ಹಲಗೆ ಬಾರಿಸುವವನ ಕೈ ಗಕ್ಕನೆ ನಿಂತು, ಆಮೇಲೆ ಎರಡರಷ್ಟು ಜೋರಾಯಿತು. ಅಜ್ಜಾರು ನನ್ನ ಹಣೆಯ ತುಂಬ ವಿಭೂತಿ ಬಳಿದರು. ಗುಟಕಾ ಪೊಟ್ಟಣ ಹಾಕಿದವರೆಲ್ಲ ನನ್ನ ಮುಂದೆ ಸಣ್ಣವರಾದರು. ಹೊಸ ದೇಶಕ್ಕೆ ಹೊಸ ಮೊಬೈಲು ಹೇಗೂ ಬೇಕಿತ್ತು ಎಂದು ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಆ ಖುಷಿ ಗುರುವಾರದವರೆಗೆ ಬಾಳಿತು. ಅಂದು ಕಲ್ಲೇಶ ಓಡುತ್ತ ಬಂದ. ಸುನೀಲಕುಮಾರ ಅವನ ಫೋನಿನಲ್ಲಿದ್ದ.

"ಸಾಹೇಬ್ರ, ವೀಸಾದ ಸಂದರ್ಶನಕ್ಕ ದಿನಾ ಸಿಕ್ಕೈತ್ರಿ! ನಾಳಿ ಸಂಜಿಯೊಳಗ ಪಕ್ಕಾ ಮಾಡಬೇಕು. ನಿಮ್ಮ ನಂಬರಿಗೆ ಓಟಿಪಿ ಬರತೈತಿ, ಹಾಕಿಬಿಡ್ರಿ. ತಪ್ಪಿದ್ರ ಹೋಟೆಲ್ನವರು ಬ್ಯಾರೇದವರನ್ನ ತಗೋತಾರ."

"ನಂಬರ್ ಬದಲಿ ಮಾಡೋ ಮಾರಾಯ."

"ಬದಲಿ ಮಾಡಾಕೂ ಹಳೇ ನಂಬರಿಗೇ ಓಟಿಪಿ ಬರತೈತ್ರಿ."

ಇದನ್ನು ಕಟ್ಟಿದ ಪುಣ್ಯಾತ್ಮ ನನ್ನ ಕೈಗೆ ಸಿಕ್ಕಿದ್ದರೆ ಗ್ರಾನೈಟ್ ಪಾಲಿಶ್ ಮಾಡುವ ಯಂತ್ರಕ್ಕೆ ಕೊಟ್ಟುಬಿಡುತ್ತಿದ್ದೆ. ಸಿಮ್ ಅಂಗಡಿಗೆ ಓಡಿದೆ. ಅದೇ ನಂಬರಿನ ಇನ್ನೊಂದು ಸಿಮ್ ಕೊಡುತ್ತಾರೆ, ಆದರೆ ಯಾರ ಹೆಸರಿನಲ್ಲಿದೆಯೋ ಅವರ ಹೆಬ್ಬೆಟ್ಟು ಬೇಕು. ಸಿಮ್ ಇದ್ದದ್ದು ಶಿವಗಂಗಾಳ ಹೆಸರಿನಲ್ಲಿ. ಮದುವೆಯಾದ ಹೊಸತರಲ್ಲಿ ಅವಳ ಆಧಾರ್ ಕೈಗೆ ಸಿಕ್ಕಿತ್ತು, ನನ್ನದು ಸಿಕ್ಕಿರಲಿಲ್ಲ. ಮನೆಗೆ ಓಡಿದೆ.

"ಅಜ್ಜಾರ ಜೋಳಿಗ್ಯಾಗ ಬಿದ್ದದ್ದಕ್ಕ ನಾ ತಿರುಗಿ ಹೆಬ್ಬಟ್ಟ ಒತ್ಲೇನು?" ಎಂದಳು. "ನೀವ್ ಹಾಕಿದ್ದು ನೀವ. ಮಂದಿ ಮುಂದ ಹಾಕೀರಿ. ಹೋಗಿ ಅಜ್ಜಾರನ್ನ ಕೇಳ್ರಿ."

"ಕೇಳಿದ್ರ ಮರ್ಯಾದಿ ಏನ ಉಳೀತೈತಿ?"

"ಮಾಲ್ಟಾದ ಮಂತ್ರಿ ಬರಾಂವ ಅದಾನಲ್ಲ, ಅಂವನ್ನ ಕಳಸ್ರಿ."

ನಾನು ಬೈದೆ, ಬೇಡಿಕೊಂಡೆ, ಉಪವಾಸ ಮಾಡುತ್ತೇನೆಂದು ಹೆದರಿಸಿ, ರೊಟ್ಟಿ ಬಿಸಿಯಿದ್ದದ್ದರಿಂದ ಉಂಡೆ. ಅವಳು ಜಗ್ಗಲಿಲ್ಲ. ಶುಕ್ರವಾರ ಮಧ್ಯಾಹ್ನ ಹುನಗುಂದದ ಬಸ್ಸು ಹತ್ತಿದಾಗ, ಅಜ್ಜಾರ ದರ್ಶನವಾದೀತೆಂದು ತಾನೂ ಬಂದು ಪಕ್ಕದಲ್ಲಿ ಕೂತಳು. ಆ ಬಸ್ಸು ದಾರಿಯಲ್ಲಿ ಕಂಡ ಕಲ್ಲಿಗೆಲ್ಲ ನಿಂತು ನಿಂತು ಹೋಯಿತು. ಕಲ್ಲೇಶ ಮಠದ ಬಾಗಿಲಲ್ಲಿ ಕಾಯುತ್ತಿದ್ದ.

ಅಂದು ಮಠದಲ್ಲಿ ಯಾರದೋ ಹರಕೆಯ ಪ್ರಸಾದವಿತ್ತು. ಅಂಗಳದಲ್ಲಿ ಮಂದಿ ಸಾಲಾಗಿ ಕೂತಿದ್ದರು. ನನ್ನ ಮೊಬೈಲು ಅಜ್ಜಾರ ಗದ್ದುಗೆಯ ಪಕ್ಕ, ವಿಭೂತಿ ಗಟ್ಟಿಗಳ ನಡುವೆ ಚಾರ್ಜ್ ಆಗುತ್ತಿತ್ತು.

"ಬಾ ತಮ್ಮಾ," ಎಂದರು ಅಜ್ಜಾರು. "ದಿನಾ ಒಬ್ಬಾಂವ ಮಾತಾಡಸ್ತಾನ ಇದರಾಗ, ಸುನೀಲಕುಮಾರ ಅಂತ. ಭಾಳ ಚೊಲೋ ಹುಡುಗ. ಮಾಲ್ಟಾದಾಗ ಮಠ ಅದಾವೇನೋ ಅಂತ ಕೇಳಿದ್ರ ಫೋನ್ ಇಟ್ಟಬಿಟ್ಟ."

ನಾನು ಕಾಲು ಹಿಡಿದೆ. ಎಲ್ಲ ಹೇಳಿದೆ. ಹೋಟೆಲ್ ಕೆಲಸ, ಸಂದರ್ಶನ, ಓಟಿಪಿ. ಆಟದ ಮಾತನ್ನು ನುಂಗಿದೆ. ಕಲ್ಲೇಶ ಕೆಮ್ಮಿದ.

"ಫೋನ್ ಕೊಡಾಕ ಬರೂದಿಲ್ಲಪ್ಪಾ," ಎಂದರು ಅಜ್ಜಾರು. "ಬೇಡಿ ತಂದದ್ದನ್ನ ತಿರುಗಿ ಕೊಡಾಕ ನಾ ಯಾರು? ಆದ್ರ ನಂಬರ್ ಬಂದ್ರ ಹೇಳ್ತೇನಿ. ನಂಬರ್ ನೀ ಹಾಕಿದ್ದಲ್ಲ, ಅದು ಆಮ್ಯಾಲ ಬಂದದ್ದು."

ಇಂಥ ನ್ಯಾಯವನ್ನು ಸುಪ್ರೀಂ ಕೋರ್ಟೂ ಹೇಳಲಾರದು! ಕಲ್ಲೇಶನ ಫೋನಿನಲ್ಲಿ ವೀಸಾದ ಪುಟ ತೆರೆದು ಗುಂಡಿ ಒತ್ತಿದೆ. ಗದ್ದುಗೆಯ ಬಳಿ ಮೊಬೈಲು ಟಿಂಗ್ ಎಂದಿತು. ಅಜ್ಜಾರು ಕನ್ನಡಕ ಹುಡುಕಿದರು. ಕನ್ನಡಕ ಸಿಗುವುದರೊಳಗೆ ಸಮಯ ಮುಗಿಯಿತು.

ಎರಡನೇ ಸಲ ಕನ್ನಡಕವಿತ್ತು. ಅಜ್ಜಾರು ಕಣ್ಣು ಕಿರಿದು ಮಾಡಿ, ವಚನ ಹೇಳಿಕೊಡುವ ದನಿಯಲ್ಲಿ ಶುರು ಮಾಡಿದರು. "ನಾಕು…" ಅಂಗಳದಲ್ಲಿ ಕೂತವರು ಹೊಸದೇನೋ ಹೇಳಿಕೊಡುತ್ತಿದ್ದಾರೆಂದು ತಿಳಿದು ಒಕ್ಕೊರಲಿನಿಂದ, "ನಾಕು…" ಎಂದರು. "ಒಂಬತ್ತು…" "ಒಂಬತ್ತು…" ಹೆಣ್ಣುಮಕ್ಕಳು ಸೆರಗು ಹೊದ್ದು ಕಣ್ಣು ಮುಚ್ಚಿದ್ದರು. ನಾನು ಕೈ ಮುಗಿದು, "ಲಗೂನ ಹೇಳ್ರಿ ಅಜ್ಜಾರ!" ಎಂದೆ. ಅದನ್ನೂ ಒಂದಿಬ್ಬರು ಹೇಳಿದರು. ಕೊನೆಯ ಅಂಕಿ ಬರುವುದರೊಳಗೆ ಅದೂ ಹೋಯಿತು.

"ಇನ್ನೊಂದ ಸಲ ತಪ್ಪಿದ್ರ ಇದು ಬಂದ್ ಆಗತೈತಲೇ," ಎಂದ ಕಲ್ಲೇಶ, ಪುಟ ನೋಡಿ. ನಾನು ಬೆವರಿದ ಬೆವರಿಗೆ ಮಲಪ್ರಭೆಯಲ್ಲಿ ಹೊಸ ನೀರು ಬಂದಿರಬೇಕು.

ಅಜ್ಜಾರು ಮೊಬೈಲನ್ನು ಶಿವಗಂಗಾಳ ಕೈಗಿತ್ತರು. "ನೀ ಓದವಾ ತಂಗೀ. ನಿನ್ನ ಕಣ್ಣು ಚೊಲೋ ಅದಾವು."

ಅವಳು ಮೊಬೈಲ್ ಹಿಡಿದು ಕಲ್ಲೇಶನನ್ನು ಕೇಳಿದಳು: "ಅಣ್ಣಾ, ಅಲ್ಲಿ ಹೋಗಿ ಇವರು ಆಟಾ ತೆಗೀವಾಗೂ ಹಿಂಗ ನಂಬರ್ ಬರತೈತೇನು?"

"ಹೂಂ ಅಕ್ಕಾ. ಖಾತೆ ಇದ ನಂಬರಿನ ಮ್ಯಾಲೇ ಐತಿ. ಹೊಕ್ಕಾಗೊಮ್ಮೆ ಬರತೈತಿ," ಎಂದುಬಿಟ್ಟ, ಗೆಳೆಯನೆಂಬ ಹಡಬಿಟ್ಟಿ.

ಅಜ್ಜಾರು ನನ್ನನ್ನು ನೋಡಿದರು. ನಾನು ಕಂಬ ನೋಡಿದೆ.

"ಬರಲಿ ಬಿಡು," ಎಂದರು ಅವರು ನಿಧಾನಕ್ಕೆ. "ತಂಗೀ, ನೀ ದಿನಾ ಸಂಜಿ ಮುಂದ ಬಾ. ಇಂವ ಅಲ್ಲಿಂದ ಫೋನ್ ಹಚ್ಚತಾನ. ಓದಿ ಹೇಳು. ಆಡೂದಿದ್ರ ಆಡಲಿ."

"ಆತ್ರಿ ಅಜ್ಜಾರ," ಎಂದಳು ಶಿವಗಂಗಾ. ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಅದೇ ನನಗೆ ಚುಚ್ಚಿತು. ನನ್ನ ಕಡೆ ತಿರುಗಿ, "ಹ್ಞಾಂ, ಒತ್ರಿ. ಹೇಳ್ತೇನಿ," ಎಂದಳು.

ಒತ್ತಿದೆ. ಟಿಂಗ್ ಎಂದಿತು. ಅವಳು ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ, ಕಿವುಡನಿಗೂ ಕೇಳುವಂತೆ ಓದಿದಳು. ಬೇಕೆಂದೇ ಒಂದನ್ನು ತಪ್ಪಿ ಓದಿದ್ದರೆ ಅವಳ ಮೇಲೆ ಹಾರಾಡಬಹುದಿತ್ತು. ತಪ್ಪಲಿಲ್ಲ. ಆರೂ ಅಂಕಿ ಕೂತವು. ಇನ್ನು ಕೆಳಗಿನ ಹಸಿರು ಗುಂಡಿ ಒಂದನ್ನು ಒತ್ತುವುದಷ್ಟೇ ಬಾಕಿ.

ಮಾಲ್ಟಾ ಕಣ್ಣಿಗೆ ಕಟ್ಟಿತು. ಸಮುದ್ರದ ಗಾಳಿ, ಹಳದಿ ಕಲ್ಲಿನ ಕಟ್ಟೆ, ಎದುರಿಗೆ ಜಗತ್ತಿನ ದೊಡ್ಡ ದೊಡ್ಡ ಆಟಗಾರರು ನನ್ನ ಎಲೆಗೆ ಕಾಯುತ್ತಿದ್ದಾರೆ. ನಾನು ಹೇಳುತ್ತೇನೆ: ತಡೀರಪ್ಪಾ, ಹುನಗುಂದಕ್ಕೆ ಒಂದು ಫೋನ್ ಹಚ್ಚಿ ಬರುತ್ತೇನೆ. 'ಶರಣ್ರಿ ಅಜ್ಜಾರ, ಒಂದ್ ಕೈ ಆಡಬೇಕಾಗೇತಿ, ಶಿವಗಂಗಾ ಬಂದಾಳೇನ್ರಿ?' ಇಂದೂ ಅದೇ, ನಾಳೆಯೂ ಅದೇ. ಸೋತು ಮತ್ತೆ ಹೊಕ್ಕರೆ ಮತ್ತೆ ಅದೇ. ಮಳೆಯಲ್ಲಿ ಬಸ್ಸಿಳಿದು ಬಂದವಳು ಗದ್ದುಗೆಯ ಪಕ್ಕ ನಿಂತು, ಇದೇ ದನಿಯಲ್ಲಿ, ಒಂದೂ ತಪ್ಪದೆ ಓದುತ್ತಾಳೆ. ಎದೆ ಉಬ್ಬಿಸಿ ಆಡುವುದೆಂದರೆ ಇದೇ ಏನು?

"ಒತ್ತಲೇ!" ಎಂದು ಕಲ್ಲೇಶ ಅರಚಿದ.

ದೇಶದಲ್ಲೇ ಅತಿ ವೇಗದ ಹೆಬ್ಬೆರಳು ಗುಂಡಿಯ ಮೇಲೆ ಗಾಳಿಯಲ್ಲಿ ನಿಂತೇ ಇತ್ತು. ಎತ್ತಲೂ ಆಗದು, ಇಳಿಸಲೂ ಆಗದು. ಪುಟ ಕೆಂಪಾಯಿತು. ಬಂದ್.

ಸ್ವಲ್ಪ ಹೊತ್ತಿಗೆ ಗದ್ದುಗೆಯ ಬಳಿ ಫೋನ್ ಬಡಿದುಕೊಂಡಿತು. ಅಜ್ಜಾರೇ ಎತ್ತಿದರು. "ಹಾಂ ಸುನೀಲಕುಮಾರಾ… ಇಲ್ಲಪ್ಪಾ, ಅಂವ ಬರೂದಿಲ್ಲಂತ. ನೀ ಒಮ್ಮಿ ಮಠಕ್ಕ ಬಾ, ಪ್ರಸಾದ ತಗೊಂಡ ಹೋಗು."

ಬರುವುದಿಲ್ಲವೆಂದು ನಾನು ಎಲ್ಲಿ ಹೇಳಿದ್ದೆ? ಸರ್ಕಾರ ಕೇಳದೆ ನನ್ನ ಸಹಕಾರ ತೆಗೆದುಕೊಂಡಿತು. ಮಠ ಕೇಳದೆ ನನ್ನ ಉತ್ತರ ಕೊಟ್ಟಿತು. ತಲೆ ಚಚ್ಚಿಕೊಳ್ಳೋಣವೆಂದರೆ ಕಂಬಕ್ಕೆ ಹೊಸ ಬಣ್ಣ ಹಚ್ಚಿದ್ದರು.

"ಯಾಕ ಒತ್ತಲಿಲ್ರಿ?" ಎಂದಳು ಶಿವಗಂಗಾ.

"ನೀ ತಡಾ ಮಾಡಿ ಓದಿದಿ!" ಎಂದೆ.

"ಹೌದೇಳ್ರಿ, ನಂದ ತಪ್ಪಾತು," ಎಂದು ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಇಳಿದು, ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆಯ ಮೇಲೆ ನೀರು ಚಿಮುಕಿಸಿ ನನ್ನನ್ನು ಕರೆದಳು.

ಹೋಗಿ ಕೂತೆ. ಗೋಧಿ ಹುಗ್ಗಿ ಬಡಿಸಿದರು. ಹಲ್ಲು ಕಡಿಯುತ್ತ, ಯಾರ ಮುಖವನ್ನೂ ನೋಡದೆ, ಎಲೆ ಹರಿಯುವಂತೆ ಕೈ ಹಾಕಿ ಉಂಡೆ. ಅಷ್ಟು ಸಿಟ್ಟಿನಿಂದ ಹುಗ್ಗಿ ಉಂಡವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಮೂರು ಸಲ ಬಡಿಸಿಕೊಂಡೆ.