ಕೊರಳಿಗೆ ಹಸಿರು ಪೊಟ್ಟಣ

"ಏಳ್ರೀ ಮೇಲೆ! ಕೂತು ಕೂತು ನಿಮ್ಮ ಕುಂಡಿ ಅಗಲ ಆಗ್ತಿದೆ, ನಮ್ಮ ಲಾಭ ಸಣ್ಣಗಾಗ್ತಿದೆ!"

ಸಣ್ಣ ಧಣಿ ಹೀಗೆನ್ನುತ್ತಲೇ ಪೋಚೂಳ ಕೆಳಗಿದ್ದ ಸ್ಟೂಲನ್ನು ಎಳೆದುಬಿಟ್ಟ. ಕಾಲುಚೀಲದ ಬಾಯಿಬಿಟ್ಟ ತುದಿಯನ್ನು ಹೊಲಿಯಲು ಯಂತ್ರದ ಸೂಜಿಗಳಿಗೆ ಸಿಕ್ಕಿಸುತ್ತಿದ್ದ ಪೋಚೂ ಹಿಡಿದುಕೊಳ್ಳಲು ಏನೂ ಸಿಗದೆ ಧೊಪ್ಪನೆ ನೆಲಕ್ಕೆ ಬಿದ್ದಳು. ಕಾಲುಚೀಲ ಮಾತ್ರ ಸೂಜಿಗೆ ಜೋತುಬಿದ್ದುಕೊಂಡು ಅಲ್ಲೇ ಉಳಿಯಿತು.

"ನಿನ್ ಮನೆ ಹಾಳಾಗ! ಸೊಂಟ ಮುರುದ್ರೆ ನಿಮ್ಮಪ್ಪ ಬಂದು ಎಣ್ಣೆ ತಿಕ್ತಾನೇನ್ಲಾ?"

"ಲಾ ಗೀ ಅನ್ಬೇಡಿ. ನಾನೀಗ ಸಂಶೋಧಕ."

ಇದೇ ಸಂಶೋಧಕನ ಸಿಂಬಳವನ್ನು ಪೋಚೂ ಇದೇ ಕಾರ್ಖಾನೆಯ ಕಾಲುಚೀಲಗಳಲ್ಲಿ ಒರೆಸಿದ್ದಳು. ಶೆತೊವ್ ಊರಿನಲ್ಲಿ ಶಿಯಾವ್ ಮನೆತನದ ಈ ಕಾರ್ಖಾನೆಗೆ ಅವಳು ಸೇರಿದಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಈಗ ಎದ್ದು ನಿಂತಿದ್ದಾನೆ, ಬೇರೆಯವರನ್ನೂ ನಿಲ್ಲಿಸುತ್ತಿದ್ದಾನೆ.

ಸಂಗತಿ ಇಷ್ಟೇ. ಸಣ್ಣ ಧಣಿ ಶನಿವಾರ, ಭಾನುವಾರ ತೈಚುಂಗ್ ನಗರಕ್ಕೆ ಹೋಗಿ ಮ್ಯಾನೇಜ್‌ಮೆಂಟಿನ ದೊಡ್ಡ ಡಿಗ್ರಿ ಓದುತ್ತಿದ್ದ. ಕೊನೆಯಲ್ಲಿ ಒಂದು ಸಂಶೋಧನೆ ಮಾಡಲೇಬೇಕು, ಅದೂ ತಾನು ಕೆಲಸ ಮಾಡುವ ಜಾಗದಲ್ಲೇ. ಅವನು ಕೆಲಸ ಮಾಡುವ ಜಾಗವೆಂದರೆ ಅಪ್ಪನ ಆಫೀಸಿನ ಮೆತ್ತನೆಯ ಸೋಫಾ. ಅದರ ಮೇಲೆ ಒರಗಿಕೊಂಡು ಯೋಚಿಸಿದಾಗ ಹೊಳೆದ ವಿಷಯ: ನಿಂತು ದುಡಿಯುವುದರಿಂದ ಉತ್ಪಾದನೆ ಹೆಚ್ಚುತ್ತದೆಯೇ?

ಹೆಂಗಸರ ಸ್ಟೂಲುಗಳೆಲ್ಲ ಉಗ್ರಾಣ ಸೇರಿದವು. ಬಾಗಿಲಿಗೆ ಬೀಗ ಬಿತ್ತು, ಬೀಗದ ಕೈ ಸಣ್ಣ ಧಣಿಯ ಪ್ಯಾಂಟಿನ ಜೇಬಿಗೆ ಹೋಯಿತು. ಪೋಚೂಳ ಸ್ಟೂಲಿಗೆ ಅವಳೇ ಹೊಲಿದ ದಿಂಬಿತ್ತು. ಒಂಟಿ ಕಾಲುಚೀಲ, ಬಣ್ಣಗೆಟ್ಟ ಕಾಲುಚೀಲ, ಹಿಮ್ಮಡಿ ಇಲ್ಲದ ಕಾಲುಚೀಲ ಎಲ್ಲ ತುಂಬಿಸಿ ಮಾಡಿದ್ದು. ವರ್ಷಗಟ್ಟಲೆ ಕೂತು ಕೂತು ಅದು ಅವಳ ಅಳತೆಗೆ ಒಗ್ಗಿಹೋಗಿತ್ತು. ಮಂಡಿ ಸವೆದ ಹೆಂಗಸಿಗೆ ಆ ಸ್ಟೂಲೇ ಒಂದು ಆಸ್ತಿ. ಅದು ಬೀಗದೊಳಗೆ ಹೋದದ್ದು ನೋಡಿ ಅವಳಿಗೆ ಅಳುವೇ ಬಂತು.

ಮೊದಲ ವಾರ ಉತ್ಪಾದನೆ ಏರಿಬಿಟ್ಟಿತು. ಏರದೆ ಏನು ಮಾಡೀತು? ಬುಟ್ಟಿ ಬೇಗ ಖಾಲಿಯಾದರೆ ಕಕ್ಕಸಿಗೆ ಹೋಗಿ ಒಂದು ಗಳಿಗೆ ಕೂರಬಹುದಲ್ಲ ಎಂದು ಹೆಂಗಸರು ರೊಚ್ಚಿನಿಂದ ಹೊಲಿದರು. ಸಣ್ಣ ಧಣಿ ಹಿಗ್ಗಿ ಹೀರೇಕಾಯಿಯಾದ. ಆಮೇಲೆ ಕಕ್ಕಸಿನ ಬಾಗಿಲಲ್ಲಿ ಗಡಿಯಾರ ಹಾಕಿಸಿದ. ಮರುವಾರ ನಗುನಗುತ್ತ ಹೊಲಿಯಬೇಕೆಂದ. ಹಲ್ಲು ಕಾಣಿಸದವರ ಮುಂದೆ ಬಂದು ತಾನೇ ಹಲ್ಲು ಕಿರಿದು ತೋರಿಸಿದ. ವಿಯೆಟ್ನಾಮಿನಿಂದ ಮದುವೆಯಾಗಿ ಬಂದ ತ್ವೆತ್ ಪೋಚೂಳ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಅವಳು ಹಲ್ಲು ಬಿಟ್ಟುಕೊಂಡೇ ಪಿಸುಗುಟ್ಟಿದಳು.

"ಅಕ್ಕಾ, ದವಡೆ ನೋಯ್ತಾ ಐತೆ. ಯಾವಾಗ ಮುಚ್ಚೋದು?"

"ಅವ್ನಿಗೆ ಡಿಗ್ರಿ ಬಂದ್ಮೇಲೆ ಮುಚ್ಚು. ಕಚ್ಚೋದಾದ್ರೆ ಈಗ್ಲೇ ಕಚ್ಚು."

ಪೋಚೂ ತಡೆಯಲಾರದೆ ದೊಡ್ಡ ಧಣಿಯ ಬಳಿ ಹೋದಳು. ಮುದುಕ ಶಿಯಾವ್ ಸಣ್ಣ ಸಣ್ಣ ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತ ಕೂತಿದ್ದ.

"ಧಣೀ, ಮಂಡಿ ಊದ್ಕೊಂಡೈತೆ. ನನ್ ಸ್ಟೂಲ್ ಒಂದ್ನಾರ ಕೊಡ್ಸಿ."

"ನಂಗೇನಮ್ಮ ಗೊತ್ತು, ನಾನು ಓದಿದೋನಲ್ಲ. ಮಾಲು ಜಾಸ್ತಿ ಬರ್ತಾ ಐತೆ. ಅಂದ್ಮೇಲೆ ವಿದ್ಯೆ ಸುಳ್ಳಾಯ್ತದಾ?" ಮುದುಕ ಚಹಾ ಹೀರಿದ. "ಈ ಕಾಲಿನ ಮ್ಯಾಲೆ ಒಸಿ ಹೊತ್ತು, ಆ ಕಾಲಿನ ಮ್ಯಾಲೆ ಒಸಿ ಹೊತ್ತು ನಿಂತ್ಕೊ. ಕೊಕ್ಕರೆ ನೋಡಿಲ್ವಾ?"

ಅವಳು ಕೊಕ್ಕರೆಯಂತೆಯೇ ಕುಂಟುತ್ತ ವಾಪಸು ಬಂದಳು.

ಮೂರನೆಯ ವಾರ ಉತ್ಪಾದನೆ ಜರ್ರನೆ ಇಳಿಯಿತು. ಮಾರ್ಗದರ್ಶಕರಾದ ಪ್ರೊಫೆಸರ್ ಯೆನ್ ಪರೀಕ್ಷೆಗೆಂದು ಕಾರ್ಖಾನೆಗೇ ಬರುವ ದಿನ ಹತ್ತಿರವಾಗಿತ್ತು. ಸಣ್ಣ ಧಣಿ ಕಂಗಾಲಾಗಿ ಹೆಣಿಗೆ ಯಂತ್ರಗಳ ನಡುವೆ ಅಡ್ಡಾಡುತ್ತಿದ್ದ. ಪ್ರತಿ ಯಂತ್ರದ ನೆತ್ತಿಯ ಮೇಲೂ ಒಂದೊಂದು ಹಸಿರು ಪೊಟ್ಟಣ ಕೂತಿತ್ತು. ತೆಂಗಿನಹಾಲಿನ ರುಚಿಯ ಜೋಳದ ಕುರುಕಲು. ಅದು ಮೇಲಿದ್ದರೆ ಯಂತ್ರ ತಂಟೆ ಮಾಡದೆ ಓಡುತ್ತದೆ, ಇದು ಆ ಊರಲ್ಲಿ ಎಲ್ಲರಿಗೂ ಗೊತ್ತು. ತಾರೀಕು ಮುಗಿದ ಪೊಟ್ಟಣ ತೆಗೆದು ಹೊಸದು ಇಡುವ ಕೆಲಸ ಪೋಚೂಳದು.

"ಹಸಿರೇ ಯಾಕೆ?" ಎಂದು ಅವಳನ್ನು ಕೇಳಿದ ಸಣ್ಣ ಧಣಿ.

"ಹಸ್ರು ಅಂದ್ರೆ ಓಡು ಅಂತ. ಕೆಂಪು ಇಟ್ರೆ ನಿಂತೋಯ್ತದೆ."

"ಒಡೆದ್ರೆ?"

"ಅಯ್ಯಪ್ಪ, ಒಡೀಬಾರ್ದು! ನಮ್ ಮೆಕ್ಯಾನಿಕ್ ಆ-ತೊಂಗ್ ಹೋದ್ವರ್ಸ ಹಸ್ವು ಅಂತ ಒಂದನ್ನ ಒಡ್ದು ತಿಂದ್ಬುಟ್ಟ. ಅವತ್ತೇ ಮಿಷಿನ್ನು ತನ್ನ ಸೂಜಿ ತಾನೇ ಅಗ್ದು ಮಲಿಕೊಂತು. ನಿಮ್ಮಪ್ಪ ಅವನ ಕೈಲಿ ಮಿಷಿನ್ ಮುಂದೆ ಬಗ್ಗಿ ತಪ್ಪಾಯ್ತು ಅನ್ನಿಸ್ದ. ಆಮೇಲೇ ಅದು ಎದ್ದಿದ್ದು."

ಸಣ್ಣ ಧಣಿಯ ಕಣ್ಣು ಅರಳಿತು. ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕಾಲುಚೀಲದ ನೂಲಿನಲ್ಲಿ ಕಟ್ಟಿದ ಹಸಿರು ಪೊಟ್ಟಣವನ್ನು ಒಬ್ಬೊಬ್ಬರ ಕೊರಳಿಗೂ ಹಾಕಿದ. ಹಬ್ಬದ ಹಂದಿಗೆ ಹಾರ ಹಾಕಿದ ಹಾಗೆ ಕಾಣುತ್ತಿತ್ತು.

ತ್ವೆತ್ ಪೊಟ್ಟಣವನ್ನು ಮೂಸಿದಳು. ಬೆಳಿಗ್ಗೆ ಏನೂ ತಿಂದು ಬಂದಿರಲಿಲ್ಲ ಪಾಪ. "ಇದು ನಮಗಾ ಅಣ್ಣ? ತಿನ್ಬೋದಾ?"

"ತಿನ್ನೋದಾ?" ಸಣ್ಣ ಧಣಿ ಅವಳ ಕೈಮೇಲೆ ಪಟ್ಟನೆ ಹೊಡೆದ. "ಮಿಷಿನ್ ತಿನ್ನುತ್ತಾ? ಸುಮ್ನೆ ಕಟ್ಕೊಂಡು ಕೆಲ್ಸ ಮಾಡು. ಪರೀಕ್ಷೆ ಪಾಸಾಗ್ಲಿ, ಸ್ಟೂಲ್‌ಗಳನ್ನೆಲ್ಲ ಗುಜರಿಗೆ ಹಾಕ್ತೀನಿ."

ಗುಜರಿ ಎಂಬ ಮಾತು ಪೋಚೂಳ ಮಂಡಿಗೇ ಬಂದು ಚುಚ್ಚಿತು. ಅವತ್ತಿಡೀ ಅವಳು ಬಗ್ಗಿದಾಗಲೆಲ್ಲ ಕೊರಳ ಪೊಟ್ಟಣ ಪರಪರ ಎನ್ನುತ್ತಿತ್ತು.

ಪ್ರೊಫೆಸರ್ ಯೆನ್ ಬಂದದ್ದು ಒಂದು ಗುರುವಾರ. ಕುಳ್ಳಗೆ, ದುಂಡಗೆ, ನಿದ್ದೆಗಣ್ಣಿನ ಮನುಷ್ಯ. ಜೊತೆಗೆ ಕೊರಳಪಟ್ಟಿ ಬಿಗಿದುಕೊಂಡ ಇನ್ನೊಬ್ಬ ಪರೀಕ್ಷಕ. ಮುದುಕ ಶಿಯಾವ್ ಹೊಸ ಅಂಗಿ ತೊಟ್ಟು, ಡಿಗ್ರಿಯ ಚೌಕಟ್ಟು ತೂಗುಹಾಕಲು ಆಫೀಸಿನ ಗೋಡೆಗೆ ಆಗಲೇ ಮೊಳೆ ಹೊಡೆಸಿದ್ದ. ಹೆಣಿಗೆ ಯಂತ್ರಗಳು ಗರಗರ ತಿರುಗುತ್ತ, ತುದಿ ಬಾಯಿಬಿಟ್ಟ ಕಾಲುಚೀಲಗಳನ್ನು ಬುಟ್ಟಿಗೆ ಉಗುಳುತ್ತಿದ್ದವು. ಹೆಂಗಸರು ನಿಂತು ಆ ಬಾಯಿಗಳನ್ನು ಹೊಲಿಯುತ್ತಿದ್ದರು. ಹೊರಗೆ ಮಾಲಿಗೆ ಲಾರಿ ಬಂದು ಕಾಯುತ್ತಿತ್ತು.

ಸಣ್ಣ ಧಣಿ ಬೆತ್ತ ಹಿಡಿದು ಹೆಂಗಸರನ್ನು ತೋರಿಸುತ್ತ ಗಂಟಲು ಸರಿಮಾಡಿಕೊಂಡ. "ಯಂತ್ರಕ್ಕೂ ಕಾರ್ಮಿಕರಿಗೂ ಒಂದೇ ಬಗೆಯ ಪ್ರೇರಣೆ. ಇದು ನನ್ನ ಪ್ರಬಂಧದ ಹೊಸತನ ಸರ್."

ಪ್ರೊಫೆಸರ್ ಪೋಚೂಳ ಕಡೆ ತಿರುಗಿದರು. "ನಿಂತು ಕೆಲಸ ಮಾಡೋದು ನಿಮಗೆ ಇಷ್ಟಾನಾ ಅಮ್ಮ?"

ಪೋಚೂ ಬಾಯಿ ತೆರೆಯುವ ಮೊದಲೇ ಸಣ್ಣ ಧಣಿ ಬೆತ್ತವನ್ನು ಅಡ್ಡ ಹಿಡಿದ. "ತುಂಬ ಇಷ್ಟ ಸರ್. ಅಂಕಿ ಅಂಶ ಹಾಗೇ ಹೇಳ್ತಿದೆ. ಅವರನ್ನು ಕೇಳೋ ಅಗತ್ಯ ಬರಲಿಲ್ಲ."

ಪೋಚೂ ಕೊರಳ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿದಳು. ಒಂದು ಕುರುಕಲು ತೆಗೆದು ಬಾಯಿಗೆ ಹಾಕಿದಳು. ಕರುಂ.

"ಲೇಯ್! ತಿನ್ಬ್ಯಾಡ್ವೇ!" ಮುದುಕ ಶಿಯಾವ್ ಕಿಟಾರನೆ ಕಿರುಚಿಕೊಂಡ.

ಕರುಂ, ಕರುಂ. ಪೋಚೂ ಯಂತ್ರಕ್ಕೆ ಬೆನ್ನು ಕೊಟ್ಟು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಜಾರಿ ನೆಲದ ಮೇಲೆ ಕೂತಳು. ಕಾಲು ಚಾಚಿದಳು. ಆಹಾ ಎಂದಳು.

"ಧಣೀ, ಪೊಟ್ಟಣ ಒಡೆದೋಯ್ತು. ನಾನು ಕೆಟ್ಟೋದೆ."

ತ್ವೆತ್ ಕಾಯಲಿಲ್ಲ. ಹಲ್ಲಿನಲ್ಲೇ ತನ್ನ ಪೊಟ್ಟಣ ಕಚ್ಚಿ ಹರಿದು, ಹಿಡಿಗಟ್ಟಲೆ ಬಾಯಿಗೆ ತುರುಕಿಕೊಂಡು ಕುಕ್ಕರಿಸಿದಳು. "ನಾನೂ ಕೆಟ್ಟೋದೆ ಅಕ್ಕಾ!" ಸಾಲಿನುದ್ದಕ್ಕೂ ಪರ್ರ್, ಪರ್ರ್ ಎಂದು ಪೊಟ್ಟಣಗಳು ಹರಿದವು. ಹೆಂಗಸರು ಒಬ್ಬೊಬ್ಬರಾಗಿ ಕೆಟ್ಟು ಕೂತರು. ಒಬ್ಬಳಂತೂ ಯಂತ್ರ ನಿಂತುಹೋಗುವಾಗಿನ ಹಾಗೆ ಕೊಂಯ್ ಎಂದು ಸದ್ದು ಬೇರೆ ಮಾಡಿದಳು.

ಹೆಣಿಗೆ ಯಂತ್ರಗಳಿಗೆ ಇದೇನೂ ಗೊತ್ತಿಲ್ಲ. ಅವುಗಳ ಪೊಟ್ಟಣ ಭದ್ರವಾಗಿತ್ತು. ಅವು ಉಗುಳುತ್ತಲೇ ಹೋದವು. ಬುಟ್ಟಿಗಳು ತುಂಬಿ, ಬಾಯಿಬಿಟ್ಟ ಕಾಲುಚೀಲಗಳು ನೆಲದ ಮೇಲೆಲ್ಲ ಹರಡಿದವು. ಹೊರಗೆ ಲಾರಿಯವನು ಹಾರನ್ ಬಾರಿಸಿದ.

"ಸರ್, ಇದು ಲೆಕ್ಕಕ್ಕೆ ಬರೋದಿಲ್ಲ," ಎಂದು ಸಣ್ಣ ಧಣಿ ತೊದಲಿದ. "ಏಳ್ರೇ! ಎಲ್ಲಾರ್ನೂ ಕೆಲ್ಸದಿಂದ ಕಿತ್ತಾಕ್ತೀನಿ!"

"ಮಿಷಿನ್ ಬೈದ್ರೆ ಏಳ್ತದಾ?" ಎಂದಳು ಪೋಚೂ.

ಮೂಲೆಯಲ್ಲಿದ್ದ ಮೆಕ್ಯಾನಿಕ್ ಆ-ತೊಂಗ್ ಮುಖ ಗಂಟು ಹಾಕಿಕೊಂಡು ಮುಂದೆ ಬಂದ. "ರಿಪೇರಿಗೆ ಒಂದೇ ದಾರಿ ಧಣೀ. ನಂಗೆ ಅನುಭವ ಐತೆ. ಬಗ್ಗಿ ತಪ್ಪಾಯ್ತು ಅನ್ಬೇಕು."

ಮುದುಕ ಶಿಯಾವ್ ವಿದ್ಯೆಯನ್ನು ಎಷ್ಟು ನಂಬುತ್ತಿದ್ದನೋ ಯಾರಿಗೆ ಗೊತ್ತು, ಪೊಟ್ಟಣವನ್ನಂತೂ ಪೂರ್ತಿ ನಂಬುತ್ತಿದ್ದ. ಮಗನ ಕುತ್ತಿಗೆಗೆ ಕೈ ಹಾಕಿದ.

"ಬಗ್ಗೋ."

"ಅಪ್ಪಾ, ಪ್ರೊಫೆಸರ್ ಇದಾರೆ!"

"ಲಾರಿ ಐತೆ ಹೊರ್ಗೆ, ಬಗ್ಗೋ ಬೋಳಿಮಗ್ನೆ!"

ಪೋಚೂ ಕೈಯಾಡಿಸಿದಳು. "ಬ್ಯಾಡ ಧಣೀ, ನಮ್ ಮುಂದೆ ಬಗ್ಗೋದ್ ಬ್ಯಾಡ. ಸ್ಟೂಲ್ ಎತ್ತೋಕೆ ಬಗ್ಲಿ. ಅಷ್ಟಾದ್ರೆ ಸಾಕು."

ಪ್ರೊಫೆಸರ್ ಯೆನ್ ಬೆಳಿಗ್ಗೆಯಿಂದ ನಿಂತೇ ಇದ್ದರು. ಸಂಶೋಧನೆ ನಡೆದಿದ್ದ ಆ ಕೋಣೆಯಲ್ಲಿ ಅವರಿಗೂ ಕುರ್ಚಿ ಇರಲಿಲ್ಲ. ಪೋಚೂ ಪೊಟ್ಟಣ ಮುಂದೆ ಹಿಡಿದಳು. ಅವರು ಒಂದು ಕುರುಕಲು ತಿಂದು, ಸುತ್ತ ನೋಡಿ, ಪ್ಯಾಂಟು ಮೇಲೆಳೆದುಕೊಂಡು ಅವಳ ಪಕ್ಕದಲ್ಲಿ ಉಸ್ಸೆಂದು ಕೂತೇಬಿಟ್ಟರು. ಇನ್ನೊಬ್ಬ ಪರೀಕ್ಷಕ ಕೊರಳಪಟ್ಟಿ ಸಡಿಲಿಸಿಕೊಂಡು ತಾನೂ ಕೂತ. ಮುದುಕ ಶಿಯಾವ್ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಸಿದ.

ಈಗ ಕಾರ್ಖಾನೆಯಲ್ಲಿ ನಿಂತವನು ಸಣ್ಣ ಧಣಿ ಒಬ್ಬನೇ. ಕಾಲುಚೀಲದ ರಾಶಿ ಅವನ ಮಂಡಿಯ ಕಡೆಗೆ ಏರುತ್ತಿತ್ತು. ಕೈ ಪ್ಯಾಂಟಿನ ಜೇಬಿನೊಳಗೆ ಬೀಗದ ಕೈಯನ್ನು ಹಿಡಿದುಕೊಂಡಿತ್ತು, ಹೊರಗೆ ಬರುತ್ತಿರಲಿಲ್ಲ.

"ಅವ್ಸರ ಇಲ್ಲ ಕಣಪ್ಪ," ಎಂದಳು ಪೋಚೂ, ಪೊಟ್ಟಣದ ತಳದವರೆಗೂ ಕೈ ಇಳಿಸಿ. "ಇನ್ನೂ ಅರ್ಧ ಐತೆ."