ಕಮಲಾಕ್ಷ ಸಾಹೇಬರು ಕುಡಿದ ನೀರು

ಠಾಣೆ ಶಹರದ ಪಕ್ಕದ ಕಳವಾ ಊರಿನ ಚಾಳಿನ ಓಣಿಯಲ್ಲಿ ಕಮಲಾಕ್ಷ ಸಾಹೇಬರು ಬಾಗಿಲು ಬಾಗಿಲಿಗೆ ಇಣುಕುತ್ತ ಬರುವುದನ್ನು ಮರಗಮ್ಮ ರೊಟ್ಟಿ ತಟ್ಟುತ್ತಲೇ ನೋಡಿದಳು. ನೋಡಿದ ಕೂಡಲೇ ಗುರುತು ಹಿಡಿದಳು. ಏಳು ವರ್ಷದಲ್ಲಿ ಮನುಷ್ಯನ ತಲೆ ನರೆತಿತ್ತು, ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಅವರಿಗೆ ಇವಳ ಗುರುತು ಸಿಗಲಿಲ್ಲ. ಸಿಗಬೇಕಾದರೆ ಅಂದು ಮುಖ ನೋಡಿರಬೇಕಿತ್ತಲ್ಲ.

ಅಂದು ಎಂದರೆ 2009ರಲ್ಲಿ, ಮಳೆ ಹಿಡಿದ ಹೊಸತು. ಮರಗಮ್ಮ ಯಾದಗಿರಿ ಕಡೆಯಿಂದ ಬಂದು ಠಾಣೆ ಶಹರದಲ್ಲಿ ಕಟ್ಟಡದ ಕೆಲಸಕ್ಕಿದ್ದಳು. ಕಟ್ಟಡದ ಮಗ್ಗುಲಲ್ಲೇ ತಗಡಿನ ಗುಡಿಸಲು. ಅವಳ ಹದಿನೈದರ ಮಗ ಅಂಬರೀಶ ಮತ್ತು ವಾಗ್ಳೆ ಎಸ್ಟೇಟಿನ ಹೋಟೆಲ್ ಮಾಲೀಕರ ಮಗ ಸಮಿತ್ ಇಬ್ಬರೂ ಕದ್ದ ಬೈಕಿನಲ್ಲಿ ಸುತ್ತುವಾಗ ಸಿಕ್ಕಿಬಿದ್ದರು. ಓಡಿಸುತ್ತಿದ್ದವನು ಸಮಿತ್. ಸಂಜೆಗೆ ಅವನು ಅಪ್ಪನ ಕಾರು ಹತ್ತಿ ಮನೆಗೆ ಹೋದ. ಅಂಬರೀಶನನ್ನು ಬಾಲಾಪರಾಧಿಗಳ ನಿರೀಕ್ಷಣಾ ಗೃಹಕ್ಕೆ ಹಾಕಿದರು.

ಮನೆ ನೋಡಿ, ಹುಡುಗನನ್ನು ಬಿಡಬಹುದೋ ಬಾರದೋ ಎಂದು ಹೇಳಬೇಕಾದ ಅಧಿಕಾರಿ ಕಮಲಾಕ್ಷ. ಉಡುಪಿ ಕಡೆಯವರು, ಕನ್ನಡದವರು ಎಂದು ತಿಳಿದು ಮರಗಮ್ಮ ಗೆದ್ದೆ ಅಂದುಕೊಂಡಳು. ಬಂದವರಿಗೆ ಮೊದಲು ನೀರು ಕೊಡುವುದು ಅವಳ ಕಡೆಯ ಪದ್ಧತಿ. ತಂಬಿಗೆ ಬೆಳಗಿ ನೀರು ತುಂಬಿ, ಜೊತೆಗೊಂದು ಬೆಲ್ಲದ ಚೂರು ಹಿಡಿದು ನಿಂತಳು. ಸಾಹೇಬರು ಹೊಸ್ತಿಲ ಆಚೆಯೇ ನಿಂತು, ಜೊತೆಗಿದ್ದ ಪೇದೆಗೆ ಮರಾಠಿಯಲ್ಲಿ ಹೇಳಿದರು: “ಇವರೆಲ್ಲ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಬಿಟ್ಟರೆ ಓಡಿಹೋಗ್ತಾನೆ. ಕಳ್ಳತನ ಇವರ ರಕ್ತದಲ್ಲೇ ಇದೆ.” ಮರಾಠಿ ಮರಗಮ್ಮನಿಗೆ ಬರುತ್ತಿತ್ತು. ತಂಬಿಗೆ ಅವಳ ಕೈಯಲ್ಲೇ ಉಳಿಯಿತು.

ಮಳೆಗಾಲವಿಡೀ ಹುಡುಗ ಒಳಗಿದ್ದ. ಒಳ್ಳೆಯ ಮನೆತನದ ಹುಡುಗರು ಟಿ.ವಿ. ನೋಡುತ್ತಿದ್ದರೆ ಇವನ ಕೈಯಲ್ಲಿ ಪಾಯಖಾನೆ ತೊಳೆಸಿದರು. ದೀಪಾವಳಿ ಮುಗಿದ ಮೇಲೆ ಹೊರಬಂದವನಿಗೆ ಮಾತೇ ಮರೆತಂತಾಗಿತ್ತು. ಈಗ ಭಿವಂಡಿಯ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಖಾಕಿ ಕಂಡರೆ ಇಂದಿಗೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಆ ಕಮಲಾಕ್ಷನ ಹೊಟ್ಟೆಯೂ ಹೀಗೇ ಉರಿಯಲಿ ಎಂದು ಮರಗಮ್ಮ ಶಾಪ ಹಾಕದ ದಿನವಿರಲಿಲ್ಲ. ಕೇಳಿಸಿಕೊಳ್ಳದ ದೇವರನ್ನೂ ಬೈದಿದ್ದಳು. ಪಾಪ, ದೇವರು ಸುಮ್ಮನೆ ಬೈಸಿಕೊಂಡಿದ್ದ.

“ಅಮ್ಮಾ, ರೈಲ್ವೆ ಸ್ಟೇಷನ್ ಹತ್ರ ರೊಟ್ಟಿ ಮಾರುವವರು ನೀವೇ ಅಲ್ವಾ?” ಈಗ ಅದೇ ಸಾಹೇಬರು ಅವಳ ಬಾಗಿಲಿಗೆ ಬಂದು ನಿಂತಿದ್ದರು. “ನನ್ನ ಮಗ ಕೀರ್ತನ್, ಹದಿನೇಳು ವರ್ಷ. ಅಲ್ಲಿ ಒಬ್ಬನ ತಲೆ ಒಡೆದದ್ದು ಅವನೇ ಅಂತ ಹಿಡಿದು ನಿರೀಕ್ಷಣಾ ಗೃಹಕ್ಕೆ ಹಾಕಿದ್ದಾರೆ. ಪೆಟ್ಟು ತಿಂದವನು ಇಲ್ಲಿಯ ಕಾರ್ಪೊರೇಟರ್ ಅಣ್ಣನ ಮಗ, ಯಾರ ಮಾತೂ ನಡೀತಾ ಇಲ್ಲ. ನೀವು ನೋಡಿದ್ದೀರಂತೆ, ಬಂದು ಸಾಕ್ಷಿ ಹೇಳಬೇಕು.”

ನೋಡಿದ್ದಳು. ಹೊಡೆದವನು ಬೇರೆ, ಕೀರ್ತನ್ ಬಿಡಿಸಲು ಹೋದವನು. ದಿನವೂ ರೊಟ್ಟಿ ಕೊಳ್ಳುವ, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಮೌಶಿ ಎಂದು ಬಾಯಿ ತುಂಬ ಕರೆಯುವ ಹುಡುಗ. ಅವನು ಈ ಮನುಷ್ಯನ ಮಗ ಎಂಬುದು ಅವಳಿಗೆ ಈಗಷ್ಟೇ ತಿಳಿಯಿತು.

“ಒಳಗ ಬರ್ರಿ ಸಾಹೇಬ್ರ.”

ಬಂದರು. ನೆಲದ ಮೇಲೆಯೇ ಕುಳಿತರು. ಅವಳು ಅದೇ ತಂಬಿಗೆಯಲ್ಲಿ ನೀರು ಕೊಟ್ಟಳು. ಕರವಸ್ತ್ರ ಜೇಬಿಗೆ ಹೋಯಿತು. ಸಾಹೇಬರು ಒಂದು ಹನಿ ಉಳಿಸದೆ ಕುಡಿದರು.

“ಆವತ್ತ ಒಲ್ಲೆ ಅಂದಿದ್ರಿ, ತಗಡಿನ ಗುಡಿಸಲದಾಗ. ನಾ ಅಂಬರೀಶನ ಅವ್ವ.”

ಈಗ ಅವರು ಅವಳ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಮರಗಮ್ಮನಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ನಾಳೆಯೇ ಬರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ತಪ್ಪಾಯ್ತು ಅಮ್ಮಾ,” ಎಂದರು ಸಾಹೇಬರು. “ಆದ್ರೆ ಅವನು ಒಳ್ಳೆ ಮನೆಯ ಹುಡುಗ. ಅಂಥ ಜಾಗದಲ್ಲಿ ಇರುವವನಲ್ಲ. ಅಲ್ಲಿ ಇರುವವರೇ ಬೇರೆ.”

ಮರಗಮ್ಮ ಖಾಲಿ ತಂಬಿಗೆಯನ್ನು ಅವರ ಮುಂದಿನಿಂದ ಎತ್ತಿಕೊಂಡಳು.

“ಬರ್ತೀನಿ. ಖರೇನೇ ಹೇಳ್ತೀನಿ. ದೀಪಾವಳಿ ಮುಗದ ಮ್ಯಾಲ ಬರ್ತೀನಿ.”

“ಈಗಷ್ಟೇ ಮಳೆ ಶುರುವಾಗಿದೆ ಅಮ್ಮಾ.”

“ಹೌದ್ರಿ. ನನ್ನ ಮಗ ಇದ್ದಷ್ಟ ದಿನ.”

ಸಾಹೇಬರು ಅವಳ ಕಾಲಿಗೆ ಬಗ್ಗಿದರು. ಅವಳು ಕಾಲು ಹಿಂದೆಗೆದುಕೊಂಡಳು.

“ಅಲ್ಲಿ ಇರೂ ಮಂದಿ ಎಂಥವ್ರು ಅಂತ ನಿಮ್ಮ ಮಗ ಬಂದ ಮ್ಯಾಲ ಅವನ್ನೇ ಕೇಳ್ರಿ,” ಎಂದು ಒಲೆಯ ಕಡೆ ತಿರುಗಿದಳು. ಏಳು ವರ್ಷದ ಉರಿ ತಣ್ಣಗಾಗಿತ್ತು. ಮೌಶಿ ಎನ್ನುವ ದನಿ ಕಿವಿಯಲ್ಲಿ ಕೇಳಿದಂತಾದಾಗ ಹಿಟ್ಟನ್ನು ಇನ್ನಷ್ಟು ಜೋರಾಗಿ ತಟ್ಟಿದಳು.